ಮನೆಯಲ್ಲೇ ಒರಗು ಸೈಕಲ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನನ್ನ ಸೈಕಲ್ಲನ್ನು ಯಾವ ಟೀ ಅಂಗಡಿಯ ಮುಂದೆ ನಿಲ್ಲಿಸಿದರೂ ಐದು ನಿಮಿಷದಲ್ಲಿ ನಾಲ್ಕು ಜನ ಸೇರುತ್ತಾರೆ. "ಇದನ್ನು ಮಲಗಿಕೊಂಡೇ ಓಡಿಸಬೇಕೇ ಸಾರ್?" ಎಂಬಲ್ಲಿಂದ ಮಾತು ಶುರುವಾಗುತ್ತದೆ. ಅವರಲ್ಲಿ ಒಬ್ಬರಾದರೂ ಕೊನೆಗೆ ತಗ್ಗಿದ ದನಿಯಲ್ಲಿ ಕೇಳುತ್ತಾರೆ: "ನಾನೂ ಒಂದು ಮಾಡಬಹುದೇ?" ಈ ಪುಟ ಅವರಿಗಾಗಿ. ಈ ಸೈಕಲ್ಲಿನ ಫ್ರೇಮನ್ನು ನಾನು ಎರಡು ಸಲ ಕತ್ತರಿಸಿ ಮತ್ತೆ ಜೋಡಿಸಿದ್ದೇನೆ. ಎಲ್ಲಿ ಎಡವಿದೆ, ಏಕೆ ಎಡವಿದೆ ಎಂಬುದನ್ನು ಮುಚ್ಚಿಡದೆ ಬರೆದಿದ್ದೇನೆ.

ಒರಗು ಸೈಕಲ್ ಎಂದರೆ ಏನು?

ಬೆನ್ನಿಗೆ ಆಧಾರವಿರುವ ಸೀಟಿನಲ್ಲಿ ಹಿಂದಕ್ಕೆ ಒರಗಿ ಕುಳಿತು, ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್. ಇಂಗ್ಲಿಷಿನಿಂದ ಬಂದ ರಿಕಂಬೆಂಟ್ ಎಂಬ ಹೆಸರು ಬಳಕೆಯಲ್ಲಿದೆ. ನಾನು ಒರಗು ಕುರ್ಚಿಯನ್ನು ನೆನೆದು ಒರಗು ಸೈಕಲ್ ಎನ್ನುತ್ತೇನೆ. ಮೈಭಾರ ಸಣ್ಣ ಸೀಟಿನ ಮೇಲೆ, ಅಂಗೈಗಳ ಮೇಲೆ ಬೀಳದೆ ಇಡೀ ಬೆನ್ನಿಗೂ ಪೃಷ್ಠಕ್ಕೂ ಹರಡುತ್ತದೆ. ಕತ್ತು ಎತ್ತಿ ನೋಡಬೇಕಾಗಿಲ್ಲ, ದಾರಿ ಕಣ್ಣೆದುರಿಗೇ ಇರುತ್ತದೆ. ಎದುರುಗಾಳಿಗೆ ಮೈಯೊಡ್ಡುವ ಹರಹು ಕಡಿಮೆಯಾದ್ದರಿಂದ ಸಮನೆಲದಲ್ಲಿ ಅದೇ ಶ್ರಮಕ್ಕೆ ಹೆಚ್ಚು ವೇಗ ಸಿಗುತ್ತದೆ.

ಇಷ್ಟು ಹಾಯಾಗಿದ್ದರೆ ಬೀದಿಯಲ್ಲಿ ಏಕೆ ಕಾಣುವುದಿಲ್ಲ?

ಇದಕ್ಕೆ ಉತ್ತರ ಫ್ರಾನ್ಸಿನಲ್ಲಿದೆ. ಶಾರ್ಲ್ ಮೋಶೆ ಎಂಬ ತಯಾರಕರು ಕಟ್ಟಿದ ಒರಗು ಸೈಕಲ್ಲಿನ ಮೇಲೆ ಕುಳಿತು ಫ್ರಾನ್ಸಿಸ್ ಫೋರ್ ಎಂಬ ಸವಾರ 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಒಂದು ಗಂಟೆಯಲ್ಲಿ 45.055 ಕಿಲೋಮೀಟರ್ ಕ್ರಮಿಸಿದರು. 1914ರಲ್ಲಿ ಆಸ್ಕರ್ ಎಗ್ ಮಾಡಿದ್ದ 44.247 ಕಿಲೋಮೀಟರಿನ ದಾಖಲೆ ಸುಮಾರು ಇಪ್ಪತ್ತು ವರ್ಷಗಳ ಬಳಿಕ ಮುರಿಯಿತು. ಫೋರ್ ಮೊದಲ ಸಾಲಿನ ಸವಾರರೇನೂ ಆಗಿರಲಿಲ್ಲ, ಆದ್ದರಿಂದ ಗೆಲುವು ಸವಾರನದೋ ಸೈಕಲ್ಲಿನದೋ ಎಂಬ ಜಗಳ ಎದ್ದಿತು. 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ ಎಂದರೆ ಹೀಗೆಯೇ ಇರಬೇಕು ಎಂದು ಅಳತೆಗಳನ್ನು ಬರೆದು, ಒರಗು ಸೈಕಲ್ಲನ್ನು ತನ್ನ ಸ್ಪರ್ಧೆಗಳಿಂದ ಹೊರಗಿಟ್ಟಿತು. ಸ್ಪರ್ಧೆ ಇಲ್ಲದ ಮೇಲೆ ದೊಡ್ಡ ಕಂಪನಿಗಳಿಗೆ ಆಸಕ್ತಿ ಉಳಿಯಲಿಲ್ಲ.

ಈ ಕತೆಯನ್ನು ಓದಿದ ರಾತ್ರಿಯೇ ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೊದಲ ಚಿತ್ರ ಬರೆದೆ. ವೇಗವಾಗಿ ಓಡಿದ್ದಕ್ಕೆ ಒಂದು ಯಂತ್ರವನ್ನು ಹೊರಗೆ ಹಾಕಿದರು ಎಂಬುದು ನನಗೆ ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ. ಆ ಯಂತ್ರದ ಸಾಮರ್ಥ್ಯ ಎಷ್ಟೆಂಬುದಕ್ಕೆ ಒಂದೇ ಸಂಖ್ಯೆ ಸಾಕು: 2016ರಲ್ಲಿ ಅಮೆರಿಕದ ನೆವಾಡಾದ ಹೆಚ್ಚುಕಡಿಮೆ ಸಮತಟ್ಟಾದ ರಸ್ತೆಯಲ್ಲಿ, ಗಾಳಿ ಸೀಳುವ ಹೊದಿಕೆ ಹಾಕಿದ ಒರಗು ಸೈಕಲ್ಲನ್ನು ಟಾಡ್ ರೈಕರ್ಟ್ ಗಂಟೆಗೆ 144.17 ಕಿಲೋಮೀಟರ್ ವೇಗದಲ್ಲಿ ತುಳಿದರು. ಬರೀ ಕಾಲಿನ ಬಲದಿಂದ.

ಮೊದಲ ಸಲಕ್ಕೆ ಯಾವ ಮಾದರಿ ಒಳ್ಳೆಯದು?

ಎರಡು ಬಗೆ ಮುಖ್ಯ. ಉದ್ದ ಮಾದರಿಯಲ್ಲಿ ಮುಂದಿನ ಚಕ್ರ ಪೆಡಲಿಗಿಂತ ಮುಂದೆ ಇರುತ್ತದೆ. ಗಿಡ್ಡ ಮಾದರಿಯಲ್ಲಿ ಪೆಡಲೇ ಚಕ್ರಕ್ಕಿಂತ ಮುಂದೆ ಚಾಚಿಕೊಂಡಿರುತ್ತದೆ. ಉದ್ದದ್ದು ಓಡಿಸಲು ಸಲೀಸು, ಕಾಲು ಚಕ್ರಕ್ಕೆ ತಾಗುವ ತಂಟೆ ಇಲ್ಲ. ಆದರೆ ಎರಡು ಮೀಟರಿಗೂ ಮೀರಿ ಬೆಳೆಯುತ್ತದೆ, ಚಿಕ್ಕ ಗಲ್ಲಿಯಲ್ಲಿ ತಿರುಗಿಸುವುದು ಕಷ್ಟ, ಮನೆಯ ಮೆಟ್ಟಿಲು ಹತ್ತಿಸುವುದಂತೂ ಆಗದ ಮಾತು. ನನ್ನದು ಗಿಡ್ಡ ಮಾದರಿ: ಮುಂದೆ 20 ಇಂಚಿನ ಚಕ್ರ, ಹಿಂದೆ 26 ಇಂಚಿನದು. ನನ್ನ ಮನೆಯ ಓಣಿ ಕಿರಿದಾದ್ದರಿಂದ ಹಾಗೆ ಮಾಡಿದೆ. ನಿಮಗೆ ಅಂಗಳವಿದ್ದರೆ ಮೊದಲನೆಯದನ್ನು ಉದ್ದವಾಗಿಯೇ ಕಟ್ಟಿ.

ಮೂರು ಚಕ್ರದ್ದನ್ನು ಮೊದಲ ಪ್ರಯತ್ನಕ್ಕೆ ಬೇಡ ಎನ್ನುತ್ತೇನೆ. ಬೀಳುವ ಭಯವಿಲ್ಲ, ನಿಜ. ಆದರೆ ಎರಡು ಮುಂಚಕ್ರಗಳನ್ನು ಒಂದೇ ಲೆಕ್ಕದಲ್ಲಿ ತಿರುಗಿಸುವ ಜೋಡಣೆ ನಿಖರವಾಗಿರದಿದ್ದರೆ ಟೈರು ಬೇಗ ಸವೆದುಹೋಗುತ್ತದೆ.

ಅಳತೆ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಕಾಲಿನಿಂದ. ಗೋಡೆಗೆ ಬೆನ್ನೂ ಪೃಷ್ಠವೂ ತಾಗುವಂತೆ ನೆಲದ ಮೇಲೆ ಕುಳಿತು, ಕಾಲು ನೀಡಿ, ಸೈಕಲ್ ತುಳಿಯುವಾಗ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡು, ಗೋಡೆಯಿಂದ ಅಟ್ಟೆಯವರೆಗೆ ಅಳೆಯಿರಿ. ಸೀಟಿನ ಬೆನ್ನಿನಿಂದ ಪೆಡಲಿನವರೆಗಿನ ದೂರ ಈ ಅಳತೆಯಿಂದಲೇ ಹುಟ್ಟಬೇಕು. ಸಾಮಾನ್ಯ ಸೈಕಲ್ಲಿನಲ್ಲಿ ಸೀಟನ್ನು ಒಂದಿಂಚು ಏರಿಸಿದರೆ ಮುಗಿಯಿತು. ಇಲ್ಲಿ ಬೆನ್ನ ಹಿಂದೆ ಜರುಗಲು ಜಾಗವಿಲ್ಲ. ದೂರ ಒಂದಿಂಚು ಹೆಚ್ಚಾದರೂ ಕಾಲು ಎಟುಕುವುದಿಲ್ಲ, ಒಂದಿಂಚು ಕಡಿಮೆಯಾದರೂ ಮಂಡಿ ನೋಯುತ್ತದೆ. ಆದ್ದರಿಂದ ಪೆಡಲ್ ಹೊತ್ತ ಮುಂದಿನ ಪೈಪನ್ನು ಒಳಗೆ ಹೊರಗೆ ಸರಿಸುವಂತೆ, ಒಂದು ಪೈಪಿನೊಳಗೆ ಇನ್ನೊಂದು ಕೂರುವಂತೆ ಮಾಡಿ, ಬೋಲ್ಟಿನಿಂದ ಬಿಗಿಯಿರಿ. ಮನೆಯ ಬೇರೆಯವರೂ ಆಗ ಓಡಿಸಬಹುದು.

ಚಿತ್ರವನ್ನು ಕಾಗದದ ಮೇಲೆ ಸಣ್ಣದಾಗಿ ಬರೆದರೆ ಸಾಲದು. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪೂರ್ತಿ ಗಾತ್ರದಲ್ಲಿ ಬರೆಯಿರಿ. ಚಕ್ರಗಳನ್ನು ಆ ಗೆರೆಗಳ ಮೇಲೆ ಮಲಗಿಸಿ, ನೀವೂ ಪಕ್ಕಕ್ಕೆ ಹೊರಳಿ ಮಲಗಿ ಕಾಲು ಚಾಚಿ ನೋಡಿ. ಮಕ್ಕಳು ಸುತ್ತ ನಿಂತು ನಗುತ್ತಾರೆ, ನಗಲಿ. ಆ ಒಂದು ಗಂಟೆಯ ಕೆಲಸ ಮೂರು ವಾರಗಳ ಕೆಲಸವನ್ನು ಉಳಿಸುತ್ತದೆ.

ಯಾವ ಪೈಪು ಬಳಸಬೇಕು?

ಕಬ್ಬಿಣದ ಅಂಗಡಿಯಲ್ಲಿ ಗೇಟು, ಗ್ರಿಲ್ಲಿಗೆಂದು ಮಾರುವ ಎಂ.ಎಸ್. (ಮೈಲ್ಡ್ ಸ್ಟೀಲ್) ಚೌಕ ಪೈಪು ಸಾಕು. ಫ್ರೇಮಿನ ಬೆನ್ನೆಲುಬಾದ ಉದ್ದ ಪೈಪಿಗೆ ಒಂದೂವರೆ ಇಂಚಿನ 16 ಗೇಜ್ ಪೈಪು, ಅಂದರೆ 1.6 ಮಿಲಿಮೀಟರ್ ದಪ್ಪದ್ದು, ಮೀಟರಿಗೆ ಸುಮಾರು 1.8 ಕಿಲೋ ತೂಗುತ್ತದೆ. 18 ಗೇಜ್ ಆದರೆ 1.4 ಕಿಲೋ. ತೂಕ ಉಳಿಸುವ ಆಸೆಗೆ ಮೊದಲೇ 18ಕ್ಕೆ ಹೋಗಬೇಡಿ, ತೆಳು ಪೈಪು ಬೆಸುಗೆಯಲ್ಲಿ ಬೇಗ ತೂತು ಬೀಳುತ್ತದೆ. ಚೌಕ ಪೈಪನ್ನೇ ಹೇಳುವುದಕ್ಕೆ ಕಾರಣವಿದೆ: ಅದು ನೆಲದ ಮೇಲೆ ಹೊರಳದೆ ಕೂರುತ್ತದೆ, ಮೂಲೆಮಟ್ಟವನ್ನು ನೇರವಾಗಿ ಒತ್ತಿ ನೋಡಬಹುದು, ತುದಿಯನ್ನು ನೇರ ಕತ್ತರಿಸಿದರೆ ಕೀಲು ಕೂಡಿಬಿಡುತ್ತದೆ. ದುಂಡು ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಅರದಿಂದ ಕೊರೆದು ಕೂರಿಸುವುದಕ್ಕೆ ಪಳಗಿದ ಕೈ ಬೇಕು.

ಜಿ.ಐ. ಪೈಪು ಮನೆಯಲ್ಲಿ ಬಿದ್ದಿದೆ, ಬಳಸಬಹುದೇ?

ಬೇಡ. ಅದರ ಸತುವಿನ ಲೇಪ ಬೆಸುಗೆಯ ಕಾವಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದರೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ಹಳೆಯ ಸೈಕಲ್ಲಿನ ಕ್ರೋಮ್ ಹೊಳಪಿನ ಭಾಗಗಳನ್ನೂ ಹಾಗೆಯೇ ಬೆಸೆಯಬಾರದು, ಅದರ ಹೊಗೆ ಇನ್ನೂ ಕೆಟ್ಟದ್ದು.

ಹಳೆಯ ಸೈಕಲ್ಲಿನಿಂದ ಏನೇನು ತೆಗೆದುಕೊಳ್ಳಬಹುದು?

ಗುಜರಿಯಲ್ಲಿ ಎರಡು ಸೈಕಲ್ ಹುಡುಕಿ. ಒಂದು 26 ಇಂಚಿನ ಗೇರ್ ಸೈಕಲ್, ಒಂದು 20 ಇಂಚಿನ ಮಕ್ಕಳ ಸೈಕಲ್. ಮೊದಲನೆಯದರಿಂದ ಹಿಂದಿನ ತ್ರಿಕೋನವನ್ನು ಇಡಿಯಾಗಿ ಕತ್ತರಿಸಿಕೊಳ್ಳಿ. ಚಕ್ರ, ಬ್ರೇಕ್ ಮತ್ತು ಗೇರ್ ಕೂರುವ ಜಾಗಗಳೆಲ್ಲ ಕಾರ್ಖಾನೆಯಲ್ಲಿ ನೇರವಾಗಿ ಕೂಡಿರುತ್ತವೆ, ಅದನ್ನು ಕೈಯಲ್ಲಿ ಮತ್ತೆ ಮಾಡುವುದು ಮೂರ್ಖತನ. ಎರಡನೆಯದರಿಂದ ಫೋರ್ಕು, ಅದು ಕೂರುವ ಹೆಡ್ ಪೈಪು, ಚಕ್ರ. ಫೋರ್ಕು ಒಂದು ಸೈಕಲ್ಲಿನದು, ಹೆಡ್ ಪೈಪು ಇನ್ನೊಂದರದು ಮಾಡಬೇಡಿ. ಬಾಲ್ಸ್ ಕೂರುವ ಬಟ್ಟಲುಗಳ ಅಳತೆ ಹೊಂದುವುದಿಲ್ಲ.

ಪೆಡಲ್ ದಂಡಗಳ ಅಕ್ಷ ತಿರುಗುವ ಕೊಳವೆಯನ್ನು ಅಂಗಡಿಯವರು ಬಿಬಿ ಎನ್ನುತ್ತಾರೆ. ಅದನ್ನು ಕತ್ತರಿಸುವಾಗ ಅಕ್ಕಪಕ್ಕದ ಪೈಪುಗಳ ತುಂಡನ್ನು ಸ್ವಲ್ಪ ಉಳಿಸಿಕೊಂಡು, ನಿಧಾನವಾಗಿ ಅರದಿಂದ ಉಜ್ಜಿ ಸಮ ಮಾಡಿ. ಗ್ರೈಂಡರಿನ ಬಿಲ್ಲೆ ಒಂದು ಕ್ಷಣ ಜಾರಿದರೆ ಬಿಬಿಯ ಗೋಡೆ ಕೊಯ್ದುಹೋಗುತ್ತದೆ.

ಬಿಬಿಯ ಬಲಗಡೆಯ ಕಪ್ಪು, ಅಂದರೆ ಬಾಲ್ಸ್ ಕೂರುವ ಬಟ್ಟಲು, ಏನು ಮಾಡಿದರೂ ಬಿಚ್ಚುತ್ತಿಲ್ಲ.

ಬಿಚ್ಚುತ್ತಿಲ್ಲವಲ್ಲ, ನೀವು ಬಿಗಿಯುತ್ತಿದ್ದೀರಿ. ಬಲಗಡೆಯ ಕಪ್ಪಿನ ತ್ರೆಡ್ ಎಡಸುತ್ತಿನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗಡೆಯ ಪೆಡಲೂ ಹೀಗೆಯೇ. ನಾನು ಅರ್ಧ ದಿನ ಸುತ್ತಿಗೆ ಹಿಡಿದು ಒದ್ದಾಡಿದ ಮೇಲೆ ಹತ್ತಿರದ ಸೈಕಲ್ ಅಂಗಡಿಯ ಹಿರಿಯರೊಬ್ಬರು ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಉದ್ದ ಹಿಡಿಯ ಪಾನಾದಿಂದ ಒಂದೇ ಸಲಕ್ಕೆ ತೆಗೆದುಕೊಟ್ಟರು. "ಬಲ ಅಲ್ಲ ಸ್ವಾಮಿ, ದಿಕ್ಕು ಮುಖ್ಯ" ಎಂದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಆದ ಮೇಲೆ ತಂದು ತೋರಿಸಿ ಎಂದರು.

ಯಾವ ಯಾವ ಉಪಕರಣಗಳು ಬೇಕು?

ನಾಲ್ಕು ಇಂಚಿನ ಆಂಗಲ್ ಗ್ರೈಂಡರ್, ಕತ್ತರಿಸುವ ಬಿಲ್ಲೆ ಮತ್ತು ಉಜ್ಜುವ ಬಿಲ್ಲೆ ಎರಡರೊಂದಿಗೆ. ಡ್ರಿಲ್ ಯಂತ್ರ. ಗಟ್ಟಿಯಾಗಿ ನೆಟ್ಟ ವೈಸ್. ಹ್ಯಾಕ್ಸಾ, ಚಪ್ಪಟೆ ಅರ, ಅರೆದುಂಡು ಅರ, ಸೆಂಟರ್ ಪಂಚ್, ಎರಡು ಮೂರು ಸಿ-ಕ್ಲ್ಯಾಂಪು, ಸ್ಪ್ಯಾನರ್ ಸೆಟ್ಟು. ಸೈಕಲ್ಲಿಗೇ ಮೀಸಲಾದವುಗಳಲ್ಲಿ ಚೈನ್ ಕಟರ್ ಮತ್ತು ಕಡ್ಡಿ ಬಿಗಿಯುವ ಕೀ ಸಾಕು. ಉಳಿದದ್ದಕ್ಕೆ ಸೈಕಲ್ ಅಂಗಡಿ ಇದೆ.

ಆದರೆ ನನ್ನ ಕೈಗೆ ಹೆಚ್ಚು ಸಿಕ್ಕ ಉಪಕರಣಗಳು ಇವಲ್ಲ. ಮೂಲೆಮಟ್ಟ, ರಸಮಟ್ಟ, ತೂಗುಗುಂಡು, ಗಾರೆ ಕೆಲಸದವರ ನೂಲು: ಇವು ನಾಲ್ಕೂ ಮನೆ ಕಟ್ಟುವವರಿಗೆ ಬೇಕಾದವು, ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಕಡಿಮೆ ಬೆಲೆಗೆ ಸಿಗುತ್ತವೆ. ಗ್ರೈಂಡರಿಗೆ ಕೊಡುವ ಹಣದಲ್ಲಿ ಸ್ವಲ್ಪ ಉಳಿಸಿಯಾದರೂ ಒಳ್ಳೆಯ ಮೂಲೆಮಟ್ಟ ಕೊಳ್ಳಿ. ಕೊಂಡ ಮೇಲೆ ನಂಬುವ ಮೊದಲು ಪರೀಕ್ಷಿಸಿ: ಒಂದು ನೇರ ಅಂಚಿಗೆ ಒತ್ತಿ ಗೆರೆ ಎಳೆದು, ಮಗುಚಿ ಹಿಡಿದು ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆಯಿರಿ. ಎರಡೂ ಒಂದೇ ಆಗಿ ಕೂಡದಿದ್ದರೆ ಮಟ್ಟ ಸುಳ್ಳು ಹೇಳುತ್ತಿದೆ.

ಕಣ್ಣಿಗೆ ಕನ್ನಡಕ, ಗ್ರೈಂಡರಿಗೆ ಅದರ ಕವಚ, ಇವೆರಡನ್ನೂ ಒಂದು ನಿಮಿಷದ ಕೆಲಸಕ್ಕೂ ಬಿಡಬೇಡಿ. ಬಿಲ್ಲೆ ಒಡೆದರೆ ಚೂರು ಎಲ್ಲಿಗೆ ಹಾರುತ್ತದೆಂದು ಯಾರೂ ಹೇಳಲಾರರು.

ನನಗೆ ವೆಲ್ಡಿಂಗ್ ಬರುವುದಿಲ್ಲ. ಕಲಿಯಬೇಕೇ?

ಕಲಿತರೆ ಸಂತೋಷ, ಕಲಿಯದಿದ್ದರೂ ನಡೆಯುತ್ತದೆ. ಕತ್ತರಿಸುವುದು, ಉಜ್ಜುವುದು, ಹೊಂದಿಸುವುದು ಎಲ್ಲ ನೀವೇ ಮಾಡಿ, ಬೆಸುಗೆಗೆ ಮಾತ್ರ ಬೀದಿಯ ಗೇಟ್ ಮಾಡುವ ಅಂಗಡಿಗೆ ಹೋಗಿ. ಆದರೆ ಅವರಿಗೆ ಮೊದಲೇ ಹೇಳಬೇಕು: ಇದರ ಮೇಲೆ ಮನುಷ್ಯ ಕೂರುತ್ತಾನೆ. ಗೇಟಿನ ಕೀಲಿಗೆ ನಾಲ್ಕು ಚುಕ್ಕೆ ಸಾಕು, ಇಲ್ಲಿ ಸುತ್ತಲೂ ಕರಗಿ ಕೂಡಬೇಕು. ರಾಡಿನಿಂದ ಬೆಸೆಯುವ ಸಾಮಾನ್ಯ ಆರ್ಕ್ ಯಂತ್ರದಲ್ಲಾದರೆ 1.6 ಮಿಲಿಮೀಟರ್ ಪೈಪಿಗೆ ದಪ್ಪ ರಾಡು ಬೇಡ. 2 ಅಥವಾ 2.5 ಮಿಲಿಮೀಟರಿನದು, ಕರೆಂಟು ಇಳಿಸಿಕೊಂಡು, ಸ್ವಲ್ಪ ಸ್ವಲ್ಪವೇ ಹಾಕಬೇಕು. ಅನಿಲ ಬಳಸುವ ಮಿಗ್ ಯಂತ್ರವಿರುವ ಅಂಗಡಿ ಸಿಕ್ಕಿದರೆ ಅದೇ ಮೇಲು. ಒಂದೇ ಅಳತೆಯ ಪೈಪಿನ ಎರಡು ಚೂರುಗಳನ್ನು ಮೊದಲು ಬೆಸೆಯಿಸಿ, ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಡಿದು ನೋಡಿ. ಪೈಪು ಬಾಗಬೇಕು, ಬೆಸುಗೆ ಬಿಡಬಾರದು.

ಹತ್ತಿರ ನಿಂತು ನೋಡುವ ಆಸೆಗೆ ಬರಿಗಣ್ಣು ತೆರೆದಿಡಬೇಡಿ. ರಾತ್ರಿ ಕಣ್ಣೊಳಗೆ ಮರಳು ಹಾಕಿ ತಿಕ್ಕಿದಂತೆ ಆಗುತ್ತದೆ, ನಿದ್ದೆ ಇರುವುದಿಲ್ಲ.

ಅಳತೆಯೆಲ್ಲ ಸರಿಯಿತ್ತು, ಬೆಸೆದ ಮೇಲೆ ಫ್ರೇಮ್ ಸೊಟ್ಟಗಾಯಿತು. ಏಕೆ?

ನನ್ನ ಫ್ರೇಮ್ ಮೊದಲ ಸಲ ಕೆಟ್ಟದ್ದು ಹೀಗೆಯೇ. ಬೆನ್ನೆಲುಬಿನಿಂದ ಮುಂದಕ್ಕೆ ಚಾಚುವ ಅರವತ್ತು ಸೆಂಟಿಮೀಟರಿನ ಪೈಪನ್ನು ನೂಲು ಹಿಡಿದು ನೇರಗೊಳಿಸಿದ್ದೆ. ಎಡಬದಿಯ ಬೆಸುಗೆಯನ್ನು ಒಂದೇ ಉಸಿರಿಗೆ ಮೇಲಿನಿಂದ ಕೆಳಗಿನವರೆಗೆ ಎಳೆಯಲಾಯಿತು. ಕೆಂಪಾಗಿದ್ದ ಲೋಹ ಆರುತ್ತಾ ಬಂದಂತೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು, ನಾನು ಅದನ್ನು ಕೇಳುತ್ತಾ ನಿಂತಿದ್ದೆ. ಪೂರ್ತಿ ಆರಿದ ಮೇಲೆ ನೂಲು ಹಿಡಿದರೆ ಪೈಪಿನ ತುದಿ ಎಡಕ್ಕೆ ಎಂಟು ಮಿಲಿಮೀಟರ್ ಸರಿದಿತ್ತು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪೈಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೊದಲ ಬದಿ ಮನಸಾರೆ ಎಳೆದಾದ ಮೇಲೆ ಎರಡನೆಯ ಬದಿ ಅದನ್ನು ಪೂರ್ತಿ ವಾಪಸು ತರುವುದಿಲ್ಲ.

ಎಂಟು ಮಿಲಿಮೀಟರ್ ಏನು ಮಹಾ ಎನ್ನಿಸಿತು. ಹಾಗೆಯೇ ಮುಂದುವರಿಸಿದೆ. ಚೈನು ಓರೆಯಾಗಿ ಓಡಿ ಹತ್ತು ಸುತ್ತಿಗೊಮ್ಮೆ ಬಿತ್ತು, ಎಡ ಮಂಡಿ ಬಲ ಮಂಡಿಗಿಂತ ಬೇಗ ದಣಿಯಿತು. ಎರಡು ವಾರದ ಬಳಿಕ ಗ್ರೈಂಡರ್ ತೆಗೆದುಕೊಂಡು ಆ ಕೀಲನ್ನು ಕತ್ತರಿಸಿದೆ. ಅಂದೇ, ಬೆಸುಗೆ ಆರಿದ ಸಂಜೆಯೇ ಕತ್ತರಿಸಬೇಕಿತ್ತು.

ಹೀಗೆ ಮಾಡಿ: ಬೆಸೆಯುವ ಮೊದಲು ನಾಲ್ಕು ಮೂಲೆಗಳಿಗೂ ಸಣ್ಣ ಚುಕ್ಕೆ ಹಾಕಿಸಿ, ಎದುರು ಬದುರು ಮೂಲೆಗೆ. ನೂಲು ಹಿಡಿಯಿರಿ. ತಪ್ಪಿದ್ದರೆ ಚುಕ್ಕೆಯನ್ನು ಒಡೆಯುವುದು ಒಂದು ಏಟಿನ ಕೆಲಸ. ಸರಿಯಿದ್ದರೆ ಎಡಕ್ಕೆ ಒಂದಿಂಚು, ಬಲಕ್ಕೆ ಒಂದಿಂಚು, ಮೇಲೆ, ಕೆಳಗೆ, ಪ್ರತಿ ಸಲವೂ ಆರಲು ಬಿಟ್ಟು. ನೀರು ಹಾಕಿ ಆರಿಸಬೇಡಿ. ಬಿಬಿಯನ್ನು ಬೆಸೆಯುವಾಗ ಹಳೆಯ ಕಪ್ಪುಗಳನ್ನು ತಿರುಗಿಸಿ ಒಳಗೇ ಬಿಟ್ಟಿರಿ, ಇಲ್ಲದಿದ್ದರೆ ಕಾವಿಗೆ ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗಿ ತ್ರೆಡ್ ಹಾಳಾಗುತ್ತದೆ.

ಎರಡು ಚಕ್ರ ಒಂದೇ ಸಮತಲದಲ್ಲಿವೆಯೇ ಎಂದು ನೋಡಲು ನೂಲನ್ನು ಹಿಂದಿನ ಚಕ್ರದ ಸುತ್ತ ಹಾಯಿಸಿ ಎರಡೂ ಬದಿಯಿಂದ ಮುಂದಕ್ಕೆ ಎಳೆಯಿರಿ. ಮುಂದಿನ ಚಕ್ರ ಎರಡೂ ನೂಲುಗಳ ನಟ್ಟನಡುವೆ ನಿಲ್ಲಬೇಕು. ಬಳಿಕ ತೂಗುಗುಂಡು ಹಿಡಿದು ಎರಡೂ ಚಕ್ರ ಲಂಬವಾಗಿವೆಯೇ ನೋಡಿ.

ಹ್ಯಾಂಡಲ್ ನಿಧಾನದಲ್ಲಿ ಪಕ್ಕಕ್ಕೆ ಬಿದ್ದುಹೋಗುತ್ತದೆ.

ಹೆಡ್ ಪೈಪಿನ ಓರೆ ಹೆಚ್ಚಾಗಿದೆ. ಫೋರ್ಕಿನ ಅಕ್ಷವನ್ನು ನೇರ ಕೋಲಿನಿಂದ ನೆಲದವರೆಗೆ ಮುಂದುವರಿಸಿ ಒಂದು ಗುರುತು ಹಾಕಿ. ಚಕ್ರದ ನಡುವಿನಿಂದ ತೂಗುಗುಂಡು ಬಿಟ್ಟು ಇನ್ನೊಂದು ಗುರುತು. ಕೋಲಿನ ಗುರುತು ಮುಂದೆ ಇರಬೇಕು, ನಡುವಿನ ದೂರಕ್ಕೆ ಟ್ರೈಲ್ ಎನ್ನುತ್ತಾರೆ. ಟೈರೂ ಸೇರಿ ತ್ರಿಜ್ಯ 250 ಮಿಲಿಮೀಟರ್ ಇರುವ 20 ಇಂಚಿನ ಚಕ್ರಕ್ಕೆ, ಫೋರ್ಕಿನ ಬಾಗು 40 ಮಿಲಿಮೀಟರ್ ಇದ್ದು ಹೆಡ್ ಪೈಪು 70 ಡಿಗ್ರಿಯಲ್ಲಿ ನಿಂತರೆ ಟ್ರೈಲ್ ಸುಮಾರು 48 ಮಿಲಿಮೀಟರ್ ಬರುತ್ತದೆ. ಕೈಗೆ ಹಿತವಾಗಿರುತ್ತದೆ. ನನ್ನದು ಮೊದಲು 64 ಡಿಗ್ರಿಗೆ ಬಿದ್ದಿತ್ತು, ಟ್ರೈಲ್ 77 ಆಗಿ ತಿರುವಿನಲ್ಲಿ ಹ್ಯಾಂಡಲ್ ತಾನೇ ಒಳಗೆ ವಾಲುತ್ತಿತ್ತು. ನಾನು ಎರಡನೆಯ ಸಲ ಕತ್ತರಿಸಿದ್ದು ಇದಕ್ಕೇ.

ಚೈನು ಎಷ್ಟು ಉದ್ದ ಬೇಕು? ದಾರಿಯಲ್ಲಿ ಗಾಲಿ ಏಕೆ?

ಒಂದು ಚೈನಿನಲ್ಲಿ 116 ಕೊಂಡಿ ಇದ್ದರೆ ಉದ್ದ ಒಂದೂವರೆ ಮೀಟರಿಗೆ ತುಸು ಕಡಿಮೆ. ನನಗೆ ಎರಡೂಕಾಲು ಚೈನು ಬೇಕಾಯಿತು. ಗೇರಿಲ್ಲದ ಸೈಕಲ್ಲಿನ ಚೈನು ಅಗಲ, ಗೇರ್ ಸೈಕಲ್ಲಿನದು ಕಿರಿದು. ಎರಡನ್ನೂ ಕೂಡಿಸಬೇಡಿ, ಒಂದೇ ಬಗೆಯ ಮೂರು ಕೊಂಡುಬಿಡಿ.

ಪೆಡಲಿನಿಂದ ಹಿಂದಿನ ಚಕ್ರದವರೆಗೆ ಚೈನು ನೇರವಾಗಿ ಹೋದರೆ ಸೀಟಿಗೋ ಮುಂದಿನ ಚಕ್ರಕ್ಕೋ ತಗಲುತ್ತದೆ. ಆದ್ದರಿಂದ ಸೀಟಿನ ಕೆಳಗೆ ಒಂದು ಗಾಲಿ ಇಟ್ಟು ಅದನ್ನು ಬಾಗಿಸಬೇಕು. ಈ ಗಾಲಿಯನ್ನು ಅಗ್ಗದ್ದೆಂದು ನೋಡಿದವರೆಲ್ಲ ಕೈ ಸುಟ್ಟುಕೊಂಡಿದ್ದಾರೆ, ನಾನೂ ಸೇರಿ. ಅಲ್ಯೂಮಿನಿಯಂ ಕಿಟಕಿ ಜಾರಲು ಹಾಕುವ ನೈಲಾನ್ ಗಾಲಿ ನನ್ನ ಡಬ್ಬಿಯಲ್ಲಿತ್ತು, ಅದನ್ನೇ ಬೋಲ್ಟ್ ಮಾಡಿದೆ. ಮೂರನೆಯ ದಿನ ಸೀಟಿನ ಕೆಳಗಿನಿಂದ ಕಿರ್ರೆನ್ನುವ ಸದ್ದು ಬಂತು. ಇಳಿದು ನೋಡಿದರೆ ತೊಡೆಯ ಮೇಲೂ ಪೈಪಿನ ಮೇಲೂ ಬಿಳಿ ಪುಡಿ, ತೆಂಗಿನಕಾಯಿ ತುರಿದಂತೆ. ಚೈನು ಗಾಲಿಯನ್ನು ಗರಗಸದ ಹಾಗೆ ಕೊಯ್ದು ಅದರ ನಡುವಿನ ಪಿನ್ನಿನವರೆಗೆ ಇಳಿದಿತ್ತು.

ಲೆಕ್ಕ ಹಾಕಿದ ಮೇಲೆ ತಿಳಿಯಿತು. ಪೆಡಲನ್ನು 40 ಕಿಲೋ ಬಲದಿಂದ ಒತ್ತಿದರೆ, 170 ಮಿಲಿಮೀಟರ್ ದಂಡ ಮತ್ತು 42 ಹಲ್ಲಿನ ಚಕ್ರವಿರುವಾಗ ಚೈನಿನ ಎಳೆತ ಸುಮಾರು 80 ಕಿಲೋ. ಆ ಚೈನನ್ನು ಕೇವಲ 20 ಡಿಗ್ರಿ ಬಾಗಿಸಿದರೂ ಗಾಲಿಯ ಮೇಲೆ 28 ಕಿಲೋ ಭಾರ ಬೀಳುತ್ತದೆ, ಪ್ರತಿ ತುಳಿತಕ್ಕೂ. ಎಳೆಯುವ ಬದಿ ಮೇಲಿನದು. ಮರಳುವ ಕೆಳಬದಿಯಲ್ಲಿ ಅಷ್ಟು ಭಾರವಿಲ್ಲ, ಅಲ್ಲಿ ಯಾವ ಗಾಲಿಯಾದರೂ ನಡೆದೀತು. ಮೇಲ್ಬದಿಗೆ ಲೇತ್ ಅಂಗಡಿಯಲ್ಲಿ 70 ಮಿಲಿಮೀಟರ್ ವ್ಯಾಸದ ಗಟ್ಟಿ ನೈಲಾನ್ ಬಿಲ್ಲೆ ಕಡೆಸಿ, ಚಪ್ಪಟೆ ತಳದ ಕಾಲುವೆ ತೆಗೆಸಿ, ಒಳಗೆ 608 ನಂಬರಿನ ಎರಡು ಬೇರಿಂಗ್ ಕೂರಿಸಿದೆ. ಇವು ಸ್ಕೇಟಿಂಗ್ ಶೂಗಳ ಗಾಲಿಯಲ್ಲಿರುವ ಬೇರಿಂಗುಗಳೇ, ಒಳರಂಧ್ರ 8 ಮಿಲಿಮೀಟರ್, ಎಲ್ಲೆಡೆ ಸಿಗುತ್ತವೆ. ಹಲ್ಲಿರುವ ಉಕ್ಕಿನ ಗಾಲಿ ಇನ್ನೂ ಬಾಳಿಕೆ ಬರುತ್ತದೆ, ಸದ್ದು ಮಾತ್ರ ಹೆಚ್ಚು. ಗಾಲಿ ಕೂರುವ ಬೋಲ್ಟನ್ನು ಒಂದೇ ಕಡೆ ಹಿಡಿಯದೆ ಎರಡೂ ಕಡೆಯಿಂದ ಪಟ್ಟಿ ಕೊಟ್ಟು ಹಿಡಿಯಿರಿ. ಇಲ್ಲದಿದ್ದರೆ ಬಾಗುತ್ತದೆ.

ಈ ಗಾಲಿ ಸದ್ದಿಲ್ಲದೆ ತಿರುಗಿದ ದಿನವೇ ನನ್ನ ಪಾಲಿಗೆ ಸೈಕಲ್ ಹುಟ್ಟಿದ ದಿನ.

ತಿರುವಿನಲ್ಲಿ ಹಿಮ್ಮಡಿ ಮುಂದಿನ ಚಕ್ರಕ್ಕೆ ತಾಗುತ್ತದೆ.

ಗಿಡ್ಡ ಮಾದರಿಯ ಹುಟ್ಟುಗುಣ. ಬಿಬಿಯನ್ನು ಸ್ವಲ್ಪ ಎತ್ತರಿಸಿದರೆ, ಮಕ್ಕಳ ಸೈಕಲ್ಲಿನ ಗಿಡ್ಡ ದಂಡ ಹಾಕಿದರೆ ಬಹಳ ಮಟ್ಟಿಗೆ ತಗ್ಗುತ್ತದೆ. ವೇಗದಲ್ಲಿ ಹ್ಯಾಂಡಲ್ ಅಷ್ಟು ತಿರುಗುವುದೇ ಇಲ್ಲವಾದ್ದರಿಂದ ತಾಗುವುದು ನಿಧಾನದ ತಿರುವಿನಲ್ಲಿ ಮಾತ್ರ. ಅಲ್ಲಿ ತುಳಿಯುವುದನ್ನು ನಿಲ್ಲಿಸಿ ತೇಲಿಸಿ.

ಸೀಟನ್ನು ಯಾವುದರಿಂದ ಮಾಡಬೇಕು?

ಪ್ಲೈವುಡ್ಡಿನ ಮೇಲೆ ಸ್ಪಂಜು ಹಾಕಿದ ಸೀಟು ಎರಡು ಗಂಟೆಯಲ್ಲಿ ತಯಾರಾಗುತ್ತದೆ. ನಾನೂ ಮಾಡಿದೆ. ಏಪ್ರಿಲ್ ತಿಂಗಳಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ಬೆನ್ನು ಬೆವರಿ ತೊಪ್ಪೆಯಾಗಿತ್ತು. ಬಳಿಕ ಮುಕ್ಕಾಲು ಇಂಚಿನ ಪೈಪನ್ನು ಬಾಗಿಸಿ ಚೌಕಟ್ಟು ಮಾಡಿ, ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯನ್ನು ಅಡ್ಡಡ್ಡ ಬಿಗಿದೆ. ನಡುವೆ ಗಾಳಿಯಾಡುತ್ತದೆ, ಹೊಂಡದ ಏಟನ್ನು ಪಟ್ಟಿ ನುಂಗುತ್ತದೆ. ತಿಂಗಳಿಗೊಮ್ಮೆ ಸಡಿಲವಾಗುವುದನ್ನು ಬಿಗಿಯಬೇಕು, ಅಷ್ಟೇ. ನವಾರು ಹೆಣೆಯುವ ಕೈಗಳು ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿವೆ. ನನಗೆ ಹೇಳಿಕೊಟ್ಟದ್ದು ನಮ್ಮ ದೊಡ್ಡಮ್ಮ.

ಬೆನ್ನಿನ ಓರೆ ನೆಲಕ್ಕೆ 45 ಡಿಗ್ರಿಗಿಂತ ಕಡಿಮೆಯಾಗದಂತೆ ಶುರು ಮಾಡಿ. ರೂಢಿಯಾದ ಮೇಲೆ ಇನ್ನೂ ಹಿಂದಕ್ಕೆ ಒರಗಬಹುದು.

ಬ್ರೇಕು?

ಎರಡೂ ಚಕ್ರಕ್ಕೆ ಬೇಕು. ಹಿಂದಿನ ಬ್ರೇಕಿಗೆ ಸಾಮಾನ್ಯ ಸೈಕಲ್ಲಿನ ಕೇಬಲ್ ಗಿಡ್ಡವಾಗುತ್ತದೆ. ದ್ವಿಚಕ್ರ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ಉದ್ದ ಒಳತಂತಿ ಕೇಳಿ, ತುದಿಯ ಗುಂಡು ನಿಮ್ಮ ಬ್ರೇಕ್ ಹಿಡಿಯಲ್ಲಿ ಕೂರುವುದೇ ಎಂದು ಅಲ್ಲೇ ನೋಡಿಕೊಳ್ಳಿ.

ರಸ್ತೆಗೆ ಇಳಿಸುವ ಮೊದಲು ಬೆಸುಗೆಯನ್ನು ಹೇಗೆ ಪರೀಕ್ಷಿಸುವುದು?

ಬಣ್ಣ ಹೊಡೆಯುವ ಮೊದಲು. ಕೀಲಿಗೆ ಸೀಮೆಎಣ್ಣೆ ಸವರಿ ಕಾಲು ಗಂಟೆ ಬಿಟ್ಟು, ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ. ಬಿರುಕು ಇದ್ದರೆ ಅದರೊಳಗೆ ಕುಳಿತ ಎಣ್ಣೆ ಬಿಳುಪಿನ ಮೇಲೆ ಕೂದಲೆಳೆಯಂತೆ ಒದ್ದೆ ಗೆರೆಯಾಗಿ ಮೂಡುತ್ತದೆ. ಸೀಟಿನ ಮೇಲೆ ನಿಮ್ಮ ತೂಕಕ್ಕಿಂತ ಹೆಚ್ಚು ಭಾರದ ಮರಳು ಚೀಲ ಹೇರಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ನೂಲು ಹಿಡಿಯಿರಿ. ಓಡಿಸಲು ಶುರು ಮಾಡಿದ ಮೇಲೂ ಮೊದಲ ಐವತ್ತು ಕಿಲೋಮೀಟರಿಗೊಮ್ಮೆ, ಇನ್ನೂರಕ್ಕೊಮ್ಮೆ ಹೆಡ್ ಪೈಪಿನ ಕೀಲನ್ನು ನೋಡಿ. ಅಲ್ಲಿ ಬಣ್ಣ ಒಡೆದಂತೆ ಕಂಡರೆ ಓಡಿಸುವುದನ್ನು ಅಂದೇ ನಿಲ್ಲಿಸಿ.

ಎಲ್ಲ ಸರಿ ಎನಿಸಿದ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ನಿಮಗಿಷ್ಟದ ಬಣ್ಣ.

ಸಾಮಾನ್ಯ ಸೈಕಲ್ ಬರುತ್ತದೆ, ಇದನ್ನು ಮತ್ತೆ ಕಲಿಯಬೇಕೇ?

ಕಲಿಯಬೇಕು. ಮೊದಲ ದಿನ ಎಲ್ಲರೂ ಬೀಳುತ್ತಾರೆ, ಆದರೆ ನೆಲ ಹತ್ತಿರ. ತುಸು ಇಳಿಜಾರಿರುವ ಖಾಲಿ ಮೈದಾನಕ್ಕೆ ಹೋಗಿ. ಮೊದಲು ತುಳಿಯದೆ ಎರಡೂ ಕಾಲು ಕೆಳಗೆ ಬಿಟ್ಟು ಜಾರಿ. ಬಳಿಕ ಒಂದು ಕಾಲನ್ನು ಪೆಡಲಿನ ಮೇಲೆ ಇಡಿ, ಪೆಡಲ್ ಮೇಲ್ತುದಿಯನ್ನು ತುಸು ದಾಟಿರಲಿ, ಗೇರು ಹಗುರವಾಗಿರಲಿ, ಒಂದೇ ದೃಢ ತುಳಿತದಲ್ಲಿ ಹೊರಡಿ. ಭುಜ ಸೀಟಿನಿಂದ ಏಳಬಾರದು. ಹ್ಯಾಂಡಲನ್ನು ಜೋತುಬೀಳುವಂತೆ ಹಿಡಿದರೆ ಸೈಕಲ್ ಹಾವಿನಂತೆ ಹೊರಳುತ್ತದೆ; ಎರಡೇ ಬೆರಳಿನಲ್ಲಿ ಹಿಡಿದಂತೆ ಹಿಡಿಯಿರಿ. ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಗುಲಿದರೆ ಸೈಕಲ್ ನಿಮ್ಮ ಕಾಲಿನ ಮೇಲೆಯೇ ಹಾಯುತ್ತದೆ, ಆದ್ದರಿಂದ ರೂಢಿಯಾದ ಮೇಲೆ ಪಾದಕ್ಕೆ ಪಟ್ಟಿ ಹಾಕಿ.

ಏರು ಹತ್ತುತ್ತದೆಯೇ?

ಹತ್ತುತ್ತದೆ, ನಿಧಾನವಾಗಿ. ಎದ್ದು ನಿಂತು ಮೈಭಾರವನ್ನು ಪೆಡಲಿಗೆ ಹಾಕಲು ಇಲ್ಲಿ ಸಾಧ್ಯವಿಲ್ಲ. ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನದರಲ್ಲಿ 18 ಹಲ್ಲಿರುವ ದೊಡ್ಡ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಹೋಗುತ್ತದೆ. ಆ ಲೆಕ್ಕದಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲೇ ನಾನು ಇಳಿದು ತಳ್ಳಬೇಕಾಯಿತು. ಈಗ ಮುಂದೆ 24, ಹಿಂದೆ 34 ಹಲ್ಲಿನ ಗೇರಿದೆ. ಒಂದು ಸುತ್ತಿಗೆ ಒಂದೂವರೆ ಮೀಟರಿಗೆ ತುಸು ಕಡಿಮೆ. ನಡೆಯುವವರು ನನ್ನೊಡನೆ ಮಾತಾಡುತ್ತಾ ಬರುತ್ತಾರೆ, ಆದರೆ ಇಳಿಯದೆ ಮೇಲಿನವರೆಗೆ ಹೋಗುತ್ತೇನೆ.

ನೋಂದಣಿ ಬೇಕೇ? ಖರ್ಚೆಷ್ಟು?

ಕಾಲಿನಿಂದ ತುಳಿಯುವ ಸೈಕಲ್ಲಿಗೆ ನೋಂದಣಿ ಇಲ್ಲ. ಮೋಟಾರು ಜೋಡಿಸುವ ಆಲೋಚನೆಯಿದ್ದರೆ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಎಂಬ ಮಿತಿಗಳಿಗಿಂತ ಕೆಳಗೇ ಇರಿ. ಖರ್ಚಿನಲ್ಲಿ ಪೈಪು ಮತ್ತು ಗುಜರಿ ಸಾಮಾನಿನ ಪಾಲು ಕಡಿಮೆ. ನನ್ನ ಹಣ ಹೋದದ್ದು ಹೊಸ ಟೈರು, ಚೈನು, ಬ್ರೇಕು, ಲೇತ್ ಕೆಲಸಕ್ಕೆ. ಇವುಗಳಲ್ಲಿ ಚೌಕಾಸಿ ಮಾಡಬೇಡಿ.

ನಮ್ಮ ರಸ್ತೆಗಳಲ್ಲಿ ಇಷ್ಟು ತಗ್ಗಿನಲ್ಲಿ ಕುಳಿತು ಹೋಗುವುದು ಅಪಾಯವಲ್ಲವೇ?

ಸೀಟನ್ನು ತೀರ ತಗ್ಗಿಸಿದರೆ ಅಪಾಯವೇ. ನನ್ನ ಸೀಟು ನೆಲದಿಂದ ಅರವತ್ತು ಸೆಂಟಿಮೀಟರ್ ಎತ್ತರದಲ್ಲಿದೆ, ಕಾರಿನ ಚಾಲಕರ ಕಣ್ಣೂ ನನ್ನ ಕಣ್ಣೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಸೀಟಿನ ಹಿಂದೆ ಉದ್ದ ಕಡ್ಡಿಗೆ ಕಿತ್ತಳೆ ಬಾವುಟ. ಬಲಗಡೆ ಕನ್ನಡಿ ಕಡ್ಡಾಯ, ಏಕೆಂದರೆ ಒರಗಿ ಕುಳಿತವರು ಹೊರಳಿ ಹಿಂದೆ ನೋಡಲಾರರು. ಸಂಜೆಯಾದರೆ ಹಿಂದೆ ಕೆಂಪು ದೀಪ. ಬಸ್ಸಿನ ಪಕ್ಕಕ್ಕೆ ಎಂದಿಗೂ ನುಗ್ಗಬೇಡಿ, ಅದರ ಚಾಲಕರಿಗೆ ನೀವು ಕಾಣುವುದಿಲ್ಲ. ಹೊಂಡ ಬಂದರೆ ಎದ್ದು ನಿಲ್ಲಲಾಗದು. ದೂರದಿಂದಲೇ ನೋಡಿ ಸುತ್ತಿ ಹೋಗಿ, ಸಣ್ಣ ಮುಂಚಕ್ರ ಹೊಂಡಕ್ಕೆ ಇಳಿದರೆ ಏಳುವುದು ಕಷ್ಟ.

ಇನ್ನು ನಾಯಿಗಳು. ಕಾಲು ಮುಂದಿಟ್ಟುಕೊಂಡು ಹರಿದು ಬರುವ ಈ ಆಕಾರ ಅವುಗಳಿಗೆ ಹೊಸದು, ಓಡಿದಷ್ಟೂ ಅಟ್ಟಿಸಿಕೊಂಡು ಬರುತ್ತವೆ. ನಾನು ನಿಲ್ಲಿಸುತ್ತೇನೆ, ಕಾಲು ಕೆಳಗಿಟ್ಟು ನೆಟ್ಟಗೆ ಕುಳಿತು ಮಾತಾಡಿಸುತ್ತೇನೆ. ಮನುಷ್ಯನೇ ಎಂದು ಖಾತ್ರಿಯಾದ ಮೇಲೆ ಮೂಸಿ, ಹಿಂದಿನ ಚಕ್ರದ ಬಳಿ ಒಂದು ಸುತ್ತು ಹಾಕಿ, ಹೋಗಿ ಮಲಗುತ್ತವೆ.